ವಾಪಸ್ ಬರಬಹುದು ಎಂದಿದ್ದರು

ದಾಕ್ಷಾಯಣಿ ಹೇಳಿದಳೆಂದರೆ ವಾಟಲ್ ರಿಜ್‌ನ ಕನ್ನಡದವರು ಎರಡನೇ ಸಲ ಕೇಳುತ್ತಿರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನ ದಕ್ಷಿಣಕ್ಕೆ, ಹ್ಯಾರಿಸ್‌ಡೇಲ್ ದಾಟಿದ ಮೇಲೆ ಸಿಗುವ ಈ ಹೊಸ ಬಡಾವಣೆಗೆ ಬಂದು ನೆಲೆಸಿದವರಲ್ಲಿ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರಿನವರೇ ಹೆಚ್ಚು. ದಾಕ್ಷಾಯಣಿ ದಾವಣಗೆರೆಯವಳು. ಊರಿನಲ್ಲಿ ಹೈಸ್ಕೂಲು ಮೇಡಂ ಆಗಿದ್ದವಳು ಇಲ್ಲಿನ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಎಜುಕೇಶನ್ ಅಸಿಸ್ಟೆಂಟ್ ಆಗಿದ್ದಳು. ತರಗತಿಯಲ್ಲಿ ಟೀಚರ್ ಜೊತೆಗಿದ್ದು, ಹಿಂದೆ ಬೀಳುವ ಮಕ್ಕಳ ಪಕ್ಕ ಕೂತು ಕಲಿಸುವ ಕೆಲಸ; ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಮಕ್ಕಳೆಲ್ಲ ಅವಳನ್ನು ‘ಮಿಸ್ ಡೀ’ ಅನ್ನುತ್ತಿದ್ದರು. ಗಂಡ ದಿನೇಶ ಉತ್ತರದ ಗಣಿಯೊಂದರಲ್ಲಿ ಎಂಜಿನಿಯರ್. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮಗಳು ಪೂರ್ವಿ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಳು.

ಶಾಲೆ ಬೆಳೆಯುತ್ತಿದ್ದ ವೇಗ ನೋಡಿದರೆ ಭಯವಾಗುತ್ತಿತ್ತು. ಪ್ರತಿ ಜನವರಿ ರಜೆಯಲ್ಲಿ ಲಾರಿಯ ಮೇಲೆ ತಗಡಿನ ತರಗತಿಗಳು ಬಂದಿಳಿಯುತ್ತಿದ್ದವು. ರಜೆ ಮುಗಿಸಿ ಬಂದ ಮಕ್ಕಳು ಆಟದ ಮೈದಾನ ಇನ್ನಷ್ಟು ಸಣ್ಣದಾಗಿರುವುದನ್ನು ನೋಡುತ್ತಿದ್ದರು. ಊಟದ ಬಿಡುವನ್ನೂ ಪಾಳಿ ಮಾಡಿ ಕೊಡಬೇಕಾಗಿತ್ತು. ಆ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಮೂಲೆ ಹಿಡಿಯುತ್ತಿದ್ದವನು ಸುಹಾಸ.

ಸುಹಾಸ ಕಸ್ತೂರಿಯ ಮಗ. ಮಾತು ತಡವಾಗಿ ಬಂದ ಹುಡುಗ. ಬಂದಮೇಲೂ ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ದಾಕ್ಷಾಯಣಿ ಎರಡು ವರ್ಷ ದಿನಾ ಅವನ ಪಕ್ಕದಲ್ಲಿ ಕೂತಳು. ಚಿತ್ರ ತೋರಿಸಿದಳು, ಬಣ್ಣದ ಬಿಲ್ಲೆ ಜೋಡಿಸಿದಳು, ಅವನು ಸುಮ್ಮನಿದ್ದರೆ ತಾನೂ ಸುಮ್ಮನಿದ್ದಳು. ಒಂದು ಚಳಿಯ ಬೆಳಿಗ್ಗೆ ಬೇಲಿಯ ಮೇಲೆ ಕೂತ ಕಾಗೆಯೊಂದು ಇಲ್ಲಿನ ಕಾಗೆಗಳು ಕೂಗುವ ರೀತಿಯಲ್ಲೇ, ಮಗು ಅತ್ತ ಹಾಗೆ ಎಳೆದೆಳೆದು ಕೂಗಿತು. ಸುಹಾಸ ತಲೆ ಎತ್ತಿ, “ಮಿಸ್ ಡೀ, ಕಾಗೆ ಅಳ್ತಿದೆ,” ಎಂದ. ಸಂಜೆ ಅದನ್ನು ಕೇಳಿ ಕಸ್ತೂರಿ ಕಾರ್ ಪಾರ್ಕಿನಲ್ಲೇ ಅತ್ತುಬಿಟ್ಟಳು. ಅವತ್ತಿನಿಂದ ದಾಕ್ಷಾಯಣಿ ಅವಳಿಗೆ ‘ದಾಕ್ಷಕ್ಕ’ ಆದಳು. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಗೆ ಹೋಗತೊಡಗಿತು.

ಆಗಸ್ಟ್‌ನಲ್ಲಿ ಪ್ರಿನ್ಸಿಪಾಲ್ ಜಿಲಿಯನ್ ಅವಳನ್ನು ಆಫೀಸಿಗೆ ಕರೆದರು. ಜಿಲಿಯನ್ ಎಂದರೆ ದಾಕ್ಷಾಯಣಿಗೆ ತುಂಬ ಗೌರವ. ಈ ದೇಶದ ಅನುಭವವೇ ಇಲ್ಲದ ಅವಳನ್ನು ನಂಬಿ ಕೆಲಸ ಕೊಟ್ಟವರು. ಹೊಸದರಲ್ಲಿ ಅವಳ ಇಂಗ್ಲಿಷ್ ಕೇಳಿ ಸ್ಟಾಫ್ ರೂಮಿನಲ್ಲಿ ಯಾರೋ ನಕ್ಕಾಗ ಎದುರಿಗೇ ಗದರಿಸಿದವರು.

“ಹೆದ್ದಾರಿಯ ಆಚೆ ಹೊಸ ಶಾಲೆ ಫೆಬ್ರವರಿಗೆ ಶುರುವಾಗುತ್ತದೆ,” ಎಂದರು ಜಿಲಿಯನ್. “ಆ ಕಡೆ ಮನೆ ಇರುವವರೆಲ್ಲ ಇನ್ನು ಅದಕ್ಕೇ ಸೇರಬೇಕು. ಆದರೆ ಈಗಾಗಲೇ ಇಲ್ಲಿರುವ ಮಕ್ಕಳನ್ನು ನಾನು ಬಲವಂತವಾಗಿ ಕಳಿಸುವ ಹಾಗಿಲ್ಲ. ಅವರು ಬಯಸಿದರೆ ಆರನೇ ತರಗತಿಯವರೆಗೂ ಇಲ್ಲೇ ಇರಬಹುದು. ಎಲ್ಲರೂ ಹಾಗೆ ಕೂತರೆ ಈ ಶಾಲೆ ಉಸಿರುಗಟ್ಟುತ್ತದೆ. ನಿಮ್ಮವರ ಮನೆಗಳು ಹೆಚ್ಚಾಗಿ ಆ ಕಡೆಯೇ ಇವೆ, ಅವರು ನಿಮ್ಮ ಮಾತು ಕೇಳುತ್ತಾರೆ. ಒಂದಷ್ಟು ಕುಟುಂಬಗಳನ್ನು ಒಪ್ಪಿಸುತ್ತೀರಾ?”

“ಹೋದವರಿಗೆ ಅಲ್ಲಿ ಹಿಡಿಸದಿದ್ದರೆ?”

“ವಾಪಸ್ ಬರಬಹುದು. ಮೊದಲ ವರ್ಷವಿಡೀ ಬಾಗಿಲು ತೆರೆದಿರುತ್ತದೆ.”

“ಸುಹಾಸನಂಥವರಿಗೆ?”

“ನೀವೂ ಅಲ್ಲಿಗೇ ಹೋಗುತ್ತೀರಿ. ಅಲ್ಲಿನ ಪ್ರಿನ್ಸಿಪಾಲ್ ಜೊತೆ ಮಾತಾಡಿದ್ದೇನೆ. ದಾಕ್ಷಾಯಣಿ, ಇದು ನನ್ನ ಮಾತು.”

ಜಿಲಿಯನ್ ಅವಳ ಪೂರ್ತಿ ಹೆಸರನ್ನು ತಡವರಿಸದೆ ಹೇಳುವುದನ್ನು ಕಷ್ಟಪಟ್ಟು ಕಲಿತಿದ್ದರು. ಅದು ದಾಕ್ಷಾಯಣಿಗೆ ಪ್ರತಿಸಲವೂ ಖುಷಿ ಕೊಡುತ್ತಿತ್ತು.

ಅವಳು ನಂಬಿದಳು, ನಂಬಿ ಹೊರಟಳು. ಗಣೇಶನ ಹಬ್ಬಕ್ಕೆ ಬಾಡಿಗೆ ಹಿಡಿದಿದ್ದ ಹಾಲ್‌ನಲ್ಲಿ ಊಟದ ಸಾಲಿನಲ್ಲಿ ನಿಂತವರಿಗೆ ಹೇಳಿದಳು. ಭಾನುವಾರ ಪಾರ್ಕಿನಲ್ಲಿ ಗಂಡಸರು ಕ್ರಿಕೆಟ್ ಆಡುವಾಗ ಅವರ ಹೆಂಡಂದಿರ ಹತ್ತಿರ ಹೇಳಿದಳು. ಮೈಸೂರಿನ ವಸಂತಕುಮಾರ್ ಎಲ್ಲದಕ್ಕೂ ಅನುಮಾನಪಡುವ ಮನುಷ್ಯ. “ಬರವಣಿಗೇಲಿ ಏನಾದ್ರೂ ಕೊಟ್ಟಿದಾರಾ ಮೇಡಂ?” ಎಂದು ಕೇಳಿದ. “ಪ್ರಿನ್ಸಿಪಾಲ್ ಬಾಯಲ್ಲಿ ಬಂದಿದೆ ಸರ್, ಇನ್ನೇನು ಬೇಕು?” ಎಂದು ದಾಕ್ಷಾಯಣಿ ನಕ್ಕಳು. ಅವನೂ ಒಪ್ಪಿ ತನ್ನಿಬ್ಬರು ಮಕ್ಕಳನ್ನು ಸೇರಿಸಿದ.

ಒಪ್ಪದೇ ಉಳಿದವಳು ಕಸ್ತೂರಿ ಒಬ್ಬಳೇ.

“ಅವನು ಒಂದು ಜಾಗಕ್ಕೆ ಹೊಂದ್ಕೊಳ್ಳೋಕೆ ಎರಡು ವರ್ಷ ತಗೊಂಡ ದಾಕ್ಷಕ್ಕ,” ಎಂದಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ. “ಈಗ ಮತ್ತೆ ಎಬ್ಬಿಸೋದು ಅಂದ್ರೆ ನಂಗೆ ಭಯ ಆಗತ್ತೆ.”

“ಅಲ್ಲಿ ಮಕ್ಕಳು ಕಮ್ಮಿ, ಗಲಾಟೆ ಕಮ್ಮಿ. ನಾನೂ ಅಲ್ಲೇ ಇರ್ತೀನಲ್ಲ. ಪೂರ್ವೀನೂ ಸೇರಿಸ್ತಾ ಇದೀನಿ. ಬೇಡ ಅನ್ಸಿದ್ರೆ ಮಾರನೇ ದಿನಾನೇ ವಾಪಸ್ ಕರ್ಕೊಂಡು ಬರೋಣ.”

ಕಸ್ತೂರಿ ಲಟ್ಟಣಿಗೆ ಕೆಳಗಿಟ್ಟು ಅವಳ ಮುಖ ನೋಡಿದಳು. “ನೀವು ಹೇಳ್ತಿದೀರ ಅಂತ ಸೇರಿಸ್ತೀನಿ. ಬೇರೆ ಯಾರೇ ಹೇಳಿದ್ರೂ ಕೇಳ್ತಿರಲಿಲ್ಲ.”

ಫೆಬ್ರವರಿಯ ಸುಡುಬಿಸಿಲಿನಲ್ಲಿ ಹೊಸ ಶಾಲೆ ಶುರುವಾಯಿತು. ಕಟ್ಟಡ ಚೆನ್ನಾಗಿತ್ತು, ಸುತ್ತ ಮಾತ್ರ ಬರೀ ಮರಳು, ಒಂದು ಮರದ ನೆರಳೂ ಇಲ್ಲ. ಹಿಂದುಗಡೆ ಇನ್ನೂ ಮನೆಗಳು ಏಳುತ್ತಿದ್ದವು. ಮೇಲಿನ ತರಗತಿಗಳಿಗೆ ಮಕ್ಕಳು ಸಾಲದೆ ನಾಲ್ಕು, ಐದು, ಆರನ್ನು ಒಟ್ಟಿಗೆ ಕೂರಿಸಿದ್ದರು. ದಾಕ್ಷಾಯಣಿಯ ಹೆಸರು ಅಲ್ಲಿನ ಸಿಬ್ಬಂದಿಯಲ್ಲಿ ಇರಲಿಲ್ಲ. “ಮುಂದಿನ ಟರ್ಮ್‌ಗೆ ಆಗುತ್ತದೆ, ಸ್ವಲ್ಪ ತಾಳ್ಮೆ ಇರಲಿ,” ಎಂದರು ಜಿಲಿಯನ್. ಅವಳು ತಾಳಿಕೊಂಡಳು. ಕಸ್ತೂರಿಗೂ ಅದನ್ನೇ ಹೇಳಿದಳು. ಸುಹಾಸನಿಗೆ ಅಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಮಾತ್ರ ಒಬ್ಬರು ಸಹಾಯಕ್ಕೆ ಬರುತ್ತಿದ್ದರು. ಅವನು ಮತ್ತೆ ಮಾತು ನಿಲ್ಲಿಸಿದ್ದ.

ಮಾರ್ಚ್‌ನಲ್ಲಿ ಒಂದು ದಿನ ಊಟದ ಹೊತ್ತಿಗೆ ಸುಹಾಸ ಕಾಣಲಿಲ್ಲ. ಹಿಂದಿನ ಬೇಲಿಯ ಒಂದು ಭಾಗ ಇನ್ನೂ ಮುಗಿದಿರಲಿಲ್ಲ. ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದರು. ಅದರ ಕೆಳಗೆ ನುಸುಳಿ ಹೋಗಿದ್ದ. ಮನೆ ಕಟ್ಟುತ್ತಿದ್ದ ಗಾರೆಯವನೊಬ್ಬ, ಇಟ್ಟಿಗೆ ಲಾರಿ ಹಿಂದಕ್ಕೆ ಬರುತ್ತಿದ್ದ ದಾರಿಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ ಹುಡುಗನನ್ನು ನೋಡಿ, ಓಡಿಹೋಗಿ ಎತ್ತಿಕೊಂಡ. ಕಸ್ತೂರಿಗೆ ಫೋನ್ ಹೋದಾಗ ಅವಳು ಸಿಟಿಯ ಆಫೀಸಿನಲ್ಲಿದ್ದಳು. ಫ್ರೀವೇಯಲ್ಲಿ ಕಾರು ಓಡಿಸಿಕೊಂಡು ಹೇಗೆ ಬಂದೆನೆಂದು ಅವಳಿಗೆ ಆಮೇಲೆ ನೆನಪೇ ಇರಲಿಲ್ಲ.

ಮರುದಿನವೇ ದಾಕ್ಷಾಯಣಿ ಜಿಲಿಯನ್ ಮುಂದೆ ನಿಂತಳು. “ಸುಹಾಸ ವಾಪಸ್ ಬರಬೇಕು. ಇನ್ನೂ ಕೆಲವರು ಕೇಳುತ್ತಿದ್ದಾರೆ.”

ಜಿಲಿಯನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಮ್ಮ ಶಾಲೆ ಭರ್ತಿ ಎಂದು ಇಲಾಖೆ ನಿರ್ಧರಿಸಿದೆ. ಶಾಲೆಗೆ ಗೊತ್ತುಮಾಡಿದ ಗಡಿಯ ಹೊರಗೆ ಮನೆ ಇರುವ ಒಬ್ಬರನ್ನೂ ಸೇರಿಸುವ ಹಾಗಿಲ್ಲ. ನನ್ನ ಕೈ ಕಟ್ಟಿದೆ.”

“ನೀವು ಮಾತು ಕೊಟ್ಟಿದ್ದಿರಿ.”

“ಆಗಿನ ಪರಿಸ್ಥಿತಿ ಬೇರೆ ಇತ್ತು.”

ದಾಕ್ಷಾಯಣಿ ಅದನ್ನೂ ನಂಬಿದಳು. ಮೇಲಿನವರು ಮಾಡಿದ್ದು, ಪಾಪ ಇವರೇನು ಮಾಡುತ್ತಾರೆ ಎಂದುಕೊಂಡಳು. ತಂದೆತಾಯಿಯರೆಲ್ಲ ಸೇರಿ ಸಭೆ ಕೇಳಿದಾಗ, ಜಿಲಿಯನ್ ಎದ್ದು ನಿಂತು ನಡೆದದ್ದನ್ನು ಹೇಳುತ್ತಾರೆ, ತಮ್ಮ ಪರವಾಗಿ ಇಲಾಖೆಯವರ ಜೊತೆ ವಾದಿಸುತ್ತಾರೆ ಎಂದೇ ಅವಳು ಕಾದಿದ್ದಳು.

ಸಭೆ ಹಳೆಯ ಶಾಲೆಯ ಲೈಬ್ರರಿಯಲ್ಲಿ ನಡೆಯಿತು. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಇಲಾಖೆಯಿಂದ ಬಂದಿದ್ದ ಚಿಕ್ಕ ವಯಸ್ಸಿನ ಅಧಿಕಾರಿ ನಕ್ಷೆ ತೋರಿಸಿ, ಯಾವುದೇ ಮುಚ್ಚುಮರೆಯಿಲ್ಲದೆ ವಿವರಿಸಿದ: “ಬಿಟ್ಟುಹೋದ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಆಗುವುದಿಲ್ಲ. ಇದು ಹೊಸ ನಿಯಮ ಅಲ್ಲ. ಹೋದ ವರ್ಷ ಜೂನ್‌ನಲ್ಲೇ ಶಾಲೆಗೆ ತಿಳಿಸಿದ್ದೆವು.”

ಜೂನ್. ದಾಕ್ಷಾಯಣಿಯನ್ನು ಆಫೀಸಿಗೆ ಕರೆದದ್ದು ಆಗಸ್ಟ್‌ನಲ್ಲಿ. ಅವಳು ಜಿಲಿಯನ್ ಕಡೆ ನೋಡಿದಳು. ಜಿಲಿಯನ್ ನಕ್ಷೆಯನ್ನು ನೋಡುತ್ತಿದ್ದರು.

ವಸಂತಕುಮಾರ್ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಿದ, “ಹಾಗಾದರೆ ವಾಪಸ್ ಬರಬಹುದು ಎಂದು ನಮಗೆ ಹೇಳಿದ್ದು ಯಾಕೆ?”

ಜಿಲಿಯನ್ ಮೃದುವಾದ ದನಿಯಲ್ಲಿ ಉತ್ತರ ಕೊಟ್ಟರು. “ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಶಾಲೆ ಅಂಥ ಭರವಸೆ ಕೊಟ್ಟಿಲ್ಲ. ದಾಕ್ಷಾಯಣಿ ತುಂಬ ಉತ್ಸಾಹದಿಂದ ಸಹಾಯ ಮಾಡಿದರು. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಏನೋ ವ್ಯತ್ಯಾಸ ಆಗಿರಬಹುದು.”

ಆಗಲೂ ಅವರು ಅವಳ ಹೆಸರನ್ನು ತಡವರಿಸದೆಯೇ ಹೇಳಿದರು.

ಅಲ್ಲಿ ಕೂತವರೆಲ್ಲ ಇಂಗ್ಲಿಷಿನಲ್ಲೇ ಕೆಲಸ ಮಾಡುವವರು. ದಾಕ್ಷಾಯಣಿ ಅವರಿಗೆ ಅನುವಾದ ಮಾಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಎಲ್ಲರ ಕಣ್ಣೂ ಅವಳ ಕಡೆ ತಿರುಗಿದವು. ಅವಳು ಎದ್ದು ನಿಂತಳು.

“ನಾನು ಯಾವುದನ್ನೂ ಬದಲಾಯಿಸಲಿಲ್ಲ. ನೀವು ಹೇಳಿದ ಹಾಗೇ ಹೇಳಿದೆ. ಮೊದಲ ವರ್ಷ ಬಾಗಿಲು ತೆರೆದಿರುತ್ತದೆ ಅಂದಿರಿ. ನಿಮ್ಮ ಮಾತು ಅಂದಿರಿ.”

“ನನಗೆ ಹಾಗೆ ನೆನಪಿಲ್ಲ,” ಎಂದರು ಜಿಲಿಯನ್. ಅಧಿಕಾರಿ ಮುಂದಿನ ವಿಷಯಕ್ಕೆ ಹೋದ. ಯಾರೂ ದಾಕ್ಷಾಯಣಿಯ ಪರ ಮಾತಾಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕನ್ನಡದಲ್ಲೇ, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಕೆಲಸ ಪರ್ಮನೆಂಟ್ ಮಾಡಿಸ್ಕೊಳ್ಳೋಕೆ ನಮ್ಮನ್ನ ಸಾಗಹಾಕಿದ್ರು,” ಎಂದರು. ಕಸ್ತೂರಿ ಸಭೆ ಮುಗಿಯುವ ಮೊದಲೇ ಎದ್ದು ಹೋಗಿದ್ದಳು.

ಮರುದಿನ ಜಿಲಿಯನ್ ಅವಳನ್ನು ತಾವಾಗಿಯೇ ಕರೆದು, ಬಾಗಿಲು ಮುಚ್ಚಿ, ಚಹಾ ಕೊಟ್ಟರು.

“ನಿನ್ನೆ ನಿಮಗೆ ಕಷ್ಟವಾಯಿತು, ಗೊತ್ತು. ನನ್ನ ಸ್ಥಾನದಲ್ಲಿ ಬೇರೆ ದಾರಿ ಇರಲಿಲ್ಲ. ನೋಡಿ, ಸಿಬ್ಬಂದಿಯ ಮಕ್ಕಳ ವಿಷಯದಲ್ಲಿ ನನಗೆ ಸ್ವಲ್ಪ ಅವಕಾಶ ಇದೆ. ಪೂರ್ವಿ ಸೋಮವಾರದಿಂದ ಇಲ್ಲಿಗೆ ಬರಲಿ. ಸದ್ದಿಲ್ಲದೆ ಮಾಡೋಣ.”

“ಆ ಜಾಗ ಸುಹಾಸನಿಗೆ ಕೊಡಿ.”

“ಅದು ಹಾಗೆ ಆಗುವುದಿಲ್ಲ.”

“ಜೂನ್‌ನಲ್ಲೇ ನಿಮಗೆ ಗೊತ್ತಿತ್ತಲ್ಲ?”

ಜಿಲಿಯನ್ ತಮ್ಮ ಕಪ್ಪನ್ನು ಮೇಜಿನ ಮೇಲಿಟ್ಟರು. “ಇಲ್ಲಿ ಇನ್ನೂರು ಮಕ್ಕಳು ಹೆಚ್ಚಾಗಿದ್ದರು, ದಾಕ್ಷಾಯಣಿ. ಯಾರಾದರೂ ಹೋಗಲೇಬೇಕಿತ್ತು. ನೀವು ಹೇಳಿದರೆ ಅವರು ಹೋಗುತ್ತಾರೆಂದು ನನಗೆ ಗೊತ್ತಿತ್ತು.”

ಅದನ್ನು ಕೇಳಿದ ಮೇಲೆ ದಾಕ್ಷಾಯಣಿಗೆ ಕೇಳುವುದು ಏನೂ ಉಳಿಯಲಿಲ್ಲ. ನಾಲ್ಕು ವರ್ಷ ಇವರು ತನ್ನಲ್ಲಿ ಮೆಚ್ಚಿಕೊಂಡದ್ದು ತನ್ನ ಕೆಲಸವನ್ನೋ ಅಥವಾ ತನ್ನ ಜನ ತನ್ನ ಮೇಲಿಟ್ಟ ನಂಬಿಕೆಯನ್ನೋ ಎಂದು ಯೋಚಿಸುತ್ತ, ಚಹಾ ಮುಟ್ಟದೆ ಹೊರಗೆ ಬಂದಳು. ಆ ಟರ್ಮ್ ಮುಗಿಯುವ ಹೊತ್ತಿಗೆ ಕೆಲಸ ಬಿಟ್ಟಳು.

ಗಣಿಯಿಂದ ಫೋನ್ ಮಾಡಿದ ದಿನೇಶ ರೇಗಿದ. “ಪೂರ್ವೀನಾದ್ರೂ ಸೇರಿಸಬೇಕಿತ್ತು ಕಣೇ. ಊರಿನವರ ಕೋಪಕ್ಕೆ ನಮ್ಮ ಮಗು ಯಾಕೆ ಅನುಭವಿಸಬೇಕು? ಅವರ್ಯಾರೂ ನಿನ್ನ ಪರ ನಿಲ್ಲಲಿಲ್ಲ ತಾನೇ?”

“ಇಲ್ಲ, ಯಾರೂ ನಿಲ್ಲಲಿಲ್ಲ.”

“ಮತ್ತೆ?”

“ಕಸ್ತೂರಿ ಮಗನ್ನ ಅಲ್ಲಿ ಬಿಟ್ಟು ನನ್ನ ಮಗಳನ್ನ ಇಲ್ಲಿಗೆ ತಂದ್ರೆ, ಹಿಂದಿನ ಸಾಲಿನವರು ಹೇಳಿದ್ದೇ ನಿಜ ಆಗತ್ತೆ ರೀ.”

ದಿನೇಶ ಫೋನ್ ಇಟ್ಟ. ರಜೆಗೆ ಬಂದಾಗಲೂ ಆ ಮಾತು ಇಬ್ಬರೂ ಎತ್ತಲಿಲ್ಲ.

ಎಷ್ಟೋ ಸಲ ಫೋನ್ ಮಾಡಿದರೂ ಎತ್ತದ ಕಸ್ತೂರಿಯ ಮನೆಗೆ ದಾಕ್ಷಾಯಣಿ ಕೊನೆಗೆ ತಾನೇ ಹೋದಳು. ಕಸ್ತೂರಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಹಿಂದೆ ಹಾಲ್‌ನಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು ಕಾಣುತ್ತಿದ್ದವು.

“ಬ್ರಿಸ್ಬೇನಿಗೆ ಹೋಗ್ತಿದೀವಿ,” ಎಂದಳು. “ಸ್ಪ್ರಿಂಗ್‌ಫೀಲ್ಡ್ ಲೇಕ್ಸಲ್ಲಿ ನಮ್ಮಣ್ಣ ಇದಾನೆ. ಇವರಿಗೂ ಟ್ರಾನ್ಸ್‌ಫರ್ ಸಿಕ್ತು. ಅಲ್ಲಿನ ಶಾಲೇಲಿ ಸುಹಾಸನಂಥ ಮಕ್ಕಳಿಗೇ ಅಂತ ಒಳ್ಳೇ ಯೂನಿಟ್ ಇದ್ಯಂತೆ.”

“ನಂಗೆ ಗೊತ್ತಿರಲಿಲ್ಲ ಕಸ್ತೂರಿ. ನನ್ನಾಣೆಗೂ ಗೊತ್ತಿರಲಿಲ್ಲ. ಕೆಲಸಾನೂ ಬಿಟ್ಟೆ.”

“ಗೊತ್ತಿರಲಿಲ್ಲ ಅಂತ ನಂಗೊತ್ತು ದಾಕ್ಷಕ್ಕ. ನೀವು ಸುಳ್ಳು ಹೇಳೋರಲ್ಲ.” ಅವಳ ದನಿ ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ತುಂಬಿಕೊಂಡಿತು. “ಆದ್ರೆ ಆ ಲಾರಿ ನೆನಪಾದಾಗ ನಂಗೆ ಪ್ರಿನ್ಸಿಪಾಲ್ ಮುಖ ಬರಲ್ಲ. ನಮ್ಮ ಅಡುಗೆಮನೇಲಿ ನಿಂತ್ಕೊಂಡು, ನಾನೂ ಇರ್ತೀನಲ್ಲ ಅಂದ್ರಲ್ಲ, ಆ ನಿಮ್ಮ ಮುಖಾನೇ ಬರತ್ತೆ. ನಾನೇನು ಮಾಡ್ಲಿ?”

ದಾಕ್ಷಾಯಣಿ ಒಳಗೆ ಇಣುಕಿದಳು. “ಒಂದ್ಸಲ ಸುಹಾಸನ್ನ ನೋಡ್ಲಾ?” ಎಂದಳು.

“ಮಲಗಿದಾನೆ.”

ಒಳಗಿನಿಂದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸುವ ಸದ್ದು ಕೇಳುತ್ತಿತ್ತು. ಇಬ್ಬರಿಗೂ ಕೇಳಿಸಿತು. ಕಸ್ತೂರಿ ಕಣ್ಣು ಕೆಳಗೆ ಹಾಕಿದಳು. “ಆಯ್ತು, ಬರ್ತೀನಿ,” ಎಂದು ದಾಕ್ಷಾಯಣಿ ಮೆಟ್ಟಿಲಿಳಿದಳು. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ನೋಡಿದರೆ ಬಾಗಿಲು ಆಗಲೇ ಮುಚ್ಚಿತ್ತು.

ಚಳಿಗಾಲ ಮುಗಿಯುವ ಮೊದಲು ಜಿಲಿಯನ್ ಇನ್ನೂ ದೊಡ್ಡ ಶಾಲೆಗೆ ಪ್ರಿನ್ಸಿಪಾಲ್ ಆಗಿ ಹೋದರು. ಬೀಳ್ಕೊಡುಗೆಗೆ ದಾಕ್ಷಾಯಣಿಗೂ ಆಹ್ವಾನ ಬಂತು; ಅವಳು ಹೋಗಲಿಲ್ಲ. ಹೊಸ ಶಾಲೆಯ ಹಿಂದಿನ ಬೇಲಿ ಪೂರ್ತಿಯಾಯಿತು. ಮರಳಿನ ಮೇಲೆ ಹುಲ್ಲು ಹಾಸಿದರು. ಸಹಾಯಕಿ ಒಬ್ಬಳು ಬೇಕೆಂದು ಅಲ್ಲಿನವರು ಕೇಳಿದಾಗ ದಾಕ್ಷಾಯಣಿ ಮೂರು ದಿನ ಯೋಚಿಸಿ ಒಪ್ಪಿದಳು. ಪೂರ್ವಿ ಅಲ್ಲೇ ಇದ್ದಳು, ಅದೂ ಒಂದು ಕಾರಣ. ಮೊದಲ ದಿನ ಗೇಟಿನ ಹತ್ತಿರ ವಸಂತಕುಮಾರ್ ಎದುರಾದ. ಮಕ್ಕಳ ಬ್ಯಾಗು ಸರಿಮಾಡುವ ನೆಪದಲ್ಲಿ ಬಗ್ಗಿಕೊಂಡೇ ಇದ್ದು, ಅವಳು ದಾಟಿ ಹೋದಮೇಲೆ ತಲೆ ಎತ್ತಿದ.

ಆ ವಾರ, ಹೊಸದಾಗಿ ಬಂದಿದ್ದ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಮಗನ ಕೈ ಹಿಡಿದುಕೊಂಡು, ದಾಕ್ಷಾಯಣಿಯ ಕನ್ನಡ ಕೇಳಿ ಖುಷಿಯಾಗಿ ಹತ್ತಿರ ಬಂದಳು. “ಇಲ್ಲಿ ಚೆನ್ನಾಗಿ ನೋಡ್ಕೋತಾರಾ ಆಂಟಿ? ಇವನು ಸ್ವಲ್ಪ ನಾಚಿಕೆ ಹುಡುಗ. ಧೈರ್ಯವಾಗಿ ಬಿಡಬಹುದಾ?”

ಹಿಂದಾಗಿದ್ದರೆ ದಾಕ್ಷಾಯಣಿ ಕೈ ಹಿಡಿದು, ನಾನಿದೀನಲ್ಲಮ್ಮ, ಅನ್ನುತ್ತಿದ್ದಳು.

“ಒಳಗೆ ಬಂದು ನೀವೇ ನೋಡಿ,” ಎಂದಳು ಅವಳು. “ಯಾರು ಏನು ಹೇಳಿದ್ರೂ ಬರೆಸ್ಕೊಳ್ಳಿ.”

ಆ ತಾಯಿಯ ಮುಖ ಸಣ್ಣದಾಯಿತು. ಬೆಲ್ ಆಯಿತು. ದಾಕ್ಷಾಯಣಿ ಹುಡುಗನ ಟೋಪಿ ನೆಟ್ಟಗೆ ಮಾಡಿ ತರಗತಿಯ ಕಡೆ ನಡೆದಳು.