ಸೊಟ್ಟ ಅಂಡಿನ ದೋಣಿ

ಮೂವತ್ತು ವರ್ಷ ದೋಣಿ ಕಟ್ಟಿದ ಬಡಗಿ ನಾನು. ದೊಡ್ಡ ನದಿಯ ದಡದ ವಾನ್‌ಶಿಯನ್ ದೋಣಿಕಟ್ಟೆಯಲ್ಲಿ ನನ್ನ ಅಳತೆಗೆ ಎದುರಾಡುವವರಿರಲಿಲ್ಲ. ಅಂಥವನು, ವೂ ನದಿ ಬಂದು ಸೇರುವ ಫೂಲಿಂಗ್‌ನಲ್ಲಿ, ತಂಗಿಯ ಗಂಡ ರಾನ್‌ನ ಉಪ್ಪಿನ ದೋಣಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ದೋಣಿಯ ಹಿಂಭಾಗ ಪೂರಾ ಬಲಕ್ಕೆ ತಿರುಚಿಕೊಂಡಿತ್ತು, ಸೊಂಟ ಉಳುಕಿದ ಎಮ್ಮೆಯ ಹಾಗೆ.

"ಇದನ್ನ ಕಟ್ಟಿದವನು ಎಷ್ಟು ಕುಡಿದಿದ್ದ ಮಾರಾಯಾ?"

"ವೂ ನದೀಲಿ ಎಲ್ಲ ದೋಣೀನೂ ಹೀಗೇ ಭಾವ," ರಾನ್ ನಕ್ಕ. "ಸೊಟ್ಟ ಅಂಡು ಅಂತಲೇ ಕರೆಯೋದು. ಹೇಗೂ ಬಂದಿದೀರಿ, ಹಿಂದಿನ ದೊಡ್ಡ ಹುಟ್ಟಿನ ಗೂಟ ಅಲ್ಲಾಡ್ತಿದೆ, ಬಿಗಿ ಮಾಡ್ಕೊಡಿ. ಬೇರೆ ಏನೂ ಮುಟ್ಟಬೇಡಿ."

ದೋಣಿ ತಿರುಗಿಸಲು ಹಿಂದೆ ಎರಡು ಹುಟ್ಟು, ಒಂದು ಚಿಕ್ಕದು, ಇನ್ನೊಂದು ದೋಣಿಯ ಅರ್ಧದಷ್ಟು ಉದ್ದ. ದೊಡ್ಡದರ ಗೂಟ ನಡುಗೆರೆಯಿಂದ ಒಂದು ಗೇಣು ಪಕ್ಕಕ್ಕಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ! ಅದನ್ನು ಕಿತ್ತು, ಗೆರೆಯ ಮೇಲೆ ಸರಿಯಾಗಿ ಹೊಸ ಗೂಟ ನೆಟ್ಟು ಬೆಣೆ ಹೊಡೆದೆ. ಹುಟ್ಟು ಕೂರುತ್ತಿದ್ದ ಹಳೆಯ ಕಚ್ಚು ಖಾಲಿ ಉಳಿಯಿತು. ರಾನ್‌ಗೆ ಹೇಳಲಿಲ್ಲ, ಆಮೇಲೆ ತಾನೇ ಹೊಗಳಲಿ ಎಂದುಕೊಂಡೆ.

ಉಪ್ಪಿನ ಗಟ್ಟಿಗಳನ್ನು ತುಂಬಿಕೊಂಡು ಹೊಳೆಯ ಮೇಲಿನ ಗೊಂಗ್‌ತಾನ್ ಕಡೆಗೆ ಹೊರಟೆವು. ದಡದ ಬಂಡೆದಾರಿಯಲ್ಲಿ ಅರವತ್ತು ಜನ ಬಿದಿರಿನ ಹಗ್ಗ ಹೆಗಲಿಗೆ ಹಾಕಿ ನಮ್ಮನ್ನು ಮೇಲಕ್ಕೆ ಎಳೆಯುತ್ತಿದ್ದರು. ಶಾಂತ ನೀರಿನಲ್ಲಿ ಚಿಕ್ಕ ಹುಟ್ಟೇ ಸಾಕಾಗಿತ್ತು. ಹಗ್ಗದ ಈ ತುದಿ ರಾನ್ ನಿಂತು ಹುಟ್ಟು ತಿರುಗಿಸುವ ಎತ್ತರದ ಹಲಗೆಯ ಬುಡದಲ್ಲಿ, ಅದರ ಪಕ್ಕ ಯಾವಾಗಲೂ ಒಂದು ಕೊಡಲಿ. ದೋಣಿ ಕೈಮೀರಿತೆಂದರೆ ಹಗ್ಗ ಕಡಿಯಬೇಕು, ಇಲ್ಲದಿದ್ದರೆ ದಡದವರೆಲ್ಲರನ್ನೂ ಅದು ಹೊಳೆಗೆ ಎಳೆದುಬಿಡುತ್ತದೆ. ಕಡಿದ ಮೇಲೆ ದೋಣಿಯವರು ಉಳಿಯುವುದಿಲ್ಲ.

ಮೂರನೇ ದಿನ ಆ ನೀರು ಕಂಡೆ. ಅಬ್ಬಾ! ಎರಡು ಬೆಟ್ಟಗಳ ಸಂದಿಯಲ್ಲಿ ಹೊಳೆಗೆ ಹೊಳೆಯೇ ನಮ್ಮ ತಲೆಗಿಂತ ಎತ್ತರದಿಂದ ಇಳಿದು ಬರುತ್ತಿತ್ತು. ದೊಡ್ಡ ನದಿಯ ನೀರು ಕುಡಿದು ಬೆಳೆದ ನನಗೂ ಬಾಯಿ ಒಣಗಿತು. ನಾನೇ ದೊಡ್ಡ ಹುಟ್ಟನ್ನು ಗೂಟಕ್ಕೆ ಇಳಿಸಿದೆ. ಮೇಲಿನಿಂದ ರಾನ್ ಎಳೆದ. ಅದು ಅರ್ಧ ತಿರುಗಿ ಚಿಕ್ಕ ಹುಟ್ಟಿಗೆ ಬಡಿದು ಸಿಕ್ಕಿಕೊಂಡಿತು.

ದೋಣಿಯ ಮೂತಿ ಹೊರಕ್ಕೆ ತಿರುಗಿತು. ದಡದಲ್ಲಿ ಅರವತ್ತು ಜನ ಮಂಡಿಯೂರಿ ಬಿದ್ದು, ಬಂಡೆ ತಬ್ಬಿಕೊಂಡು ಜಾರುತ್ತಿದ್ದರು.

"ಭಾವ, ಕೊಡಲಿ! ಹಗ್ಗ ಕಡೀರಿ!"

ಕೊಡಲಿ ಎತ್ತಿದೆ. ಹಗ್ಗ ನೋಡಿದೆ, ನನ್ನ ನೇರ ಗೂಟ ನೋಡಿದೆ. ಬೆಣೆಗೆ ಬಾರಿಸಿದೆ.

"ಹಗ್ಗ ಅಂದೆ! ಕಿವಿ ಕೇಳಲ್ವಾ?"

ಮತ್ತೆ ಬಾರಿಸಿದೆ. ಗೂಟ ಹಾರಿಹೋಯಿತು, ಹುಟ್ಟು ದಡಾರನೆ ಹಳೆಯ ಕಚ್ಚಿಗೆ ಬಿತ್ತು. ರಾನ್ ಎದೆಯೊಡ್ಡಿ ತಳ್ಳಿದ. ಎರಡು ಹುಟ್ಟುಗಳೂ ಒಂದನ್ನೊಂದು ಕೂದಲೆಳೆಯಷ್ಟೂ ತಾಕದೆ ದಾಟಿ ತಿರುಗಿದವು. ಅಷ್ಟು ದೊಡ್ಡ ದೋಣಿ, ಅಷ್ಟು ಉಪ್ಪು, ಮೆಲ್ಲಗೆ ಹಗ್ಗದ ಕಡೆಗೆ ಮೂತಿ ಮಾಡಿತು. ಎರಡಕ್ಕೂ ಜಾಗ ಬಿಡಲೆಂದೇ ತಿರುಚಿದ ಆ ಹಲಗೆಯ ಮೇಲೆ ಕೈಯಿಟ್ಟೆ, ಅಳು ಬಂತು. ಇದನ್ನು ಮೊದಲು ಯೋಚಿಸಿದವನು ಎಂಥ ಪುಣ್ಯಾತ್ಮನಿರಬೇಕು!

ಮೇಲಿನ ಶಾಂತ ನೀರಿಗೆ ಬಂದಾಗ ರಾನ್ ಇಳಿದು ಬಂದು ಹೊಸ ಮರದ ಚೂರು ಎತ್ತಿಕೊಂಡ.

"ನಾನೇ ಸರಿಸಿದ್ದು," ಎಂದೆ.

"ಗೊತ್ತಾಯ್ತು." ಜೋಳದ ಸಾರಾಯಿ ಒಂದು ಬಟ್ಟಲು ಕಾಣಿಕೆಯಾಗಿ ಹೊಳೆಗೆ ಸುರಿದ, ಒಂದು ನನಗೆ ಕೊಟ್ಟ. "ನನಗೇನೂ ಹೇಳಬೇಡಿ. ನಾಳೆ ದಡದವರ ಜತೆ ಹಗ್ಗಕ್ಕೆ ಹೋಗಿ."

ಬೆಳಿಗ್ಗೆ ಹೆಗಲೊಡ್ಡಿದೆ. ನನ್ನ ಮುಂದಿನವನ ಎರಡೂ ಅಂಗೈಗಳ ಚರ್ಮ ಸುಲಿದುಹೋಗಿತ್ತು.

"ನಿನ್ನೆ ದೋಣಿ ಯಾಕೋ ಸಿಕ್ಕಾಪಟ್ಟೆ ಜಗ್ತು ಅಣ್ಣಾ," ಎಂದ ಅವನು. "ನಾಲ್ಕು ಮಕ್ಕಳ ಮುಖ ಕಣ್ಮುಂದೆ ಬಂದ್ಬಿಡ್ತು."

ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವನು ಹಗ್ಗದ ತನ್ನ ಪಾಲಿನ ಭಾರವನ್ನೂ ನನ್ನ ಹೆಗಲಿಗೆ ಸರಿಸಿ, "ಎಳಿ," ಎಂದ. ನಾನು ಗೊಂಗ್‌ತಾನ್ ತಲುಪುವವರೆಗೂ ಎಳೆದೆ.