ಮಾವ ಬಿಸ್ಕತ್ತು ಬಿಟ್ಟ ಮೂರು ತಿಂಗಳು

ನಾನು ಈಗ ಹೇಳುವುದರಲ್ಲಿ ನೂಲಿನೆಳೆಯಷ್ಟೂ ಸುಳ್ಳಿಲ್ಲ. ಇದ್ದರೆ ಕಾದ ಇಸ್ತ್ರಿ ಪೆಟ್ಟಿಗೆ ನನ್ನ ಎಡಗಾಲಿನ ಮೇಲೆ ಬೀಳಲಿ. ಬಲಗಾಲಿನ ಮೇಲೆ ಆಗಲೇ ಬಿದ್ದಾಗಿದೆ, ಅದೂ ಈ ಕಥೆಯಲ್ಲೇ ಬರುತ್ತದೆ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಒಗೆಯುವುದು ಹೆಂಡತಿ, ಇಸ್ತ್ರಿ ನಾನು, ಮುಂದಿನ ಮೇಜು ನನ್ನ ಮಾವನದು. ಬೇರೆ ಅಂಗಡಿಗಳಲ್ಲಿ ಪ್ರತಿ ಬಟ್ಟೆಗೂ ಗುರುತಿನ ಚೀಟಿ ಹೊಲಿಯುತ್ತಾರೆ. ನಮ್ಮಲ್ಲಿ ಅದು ಅವಮಾನ. ಮಾವ ಕಲೆ ನೋಡಿಯೇ ಬಟ್ಟೆ ಯಾರದೆಂದು ಹೇಳುತ್ತಿದ್ದರು. ಎರಡು ಸಾವಿರ ಮನೆಯ ಬಟ್ಟೆ ಅವರ ತಲೆಯಲ್ಲಿತ್ತು, ಬೀದಿಯವರು ಅವರನ್ನು ರಿಜಿಸ್ಟರ್ ಮಾವ ಎಂದೇ ಕರೆಯುತ್ತಿದ್ದರು. ಒಮ್ಮೆ ಗಾಳಿಗೆ ಹಾರಿಬಂದ ಕರವಸ್ತ್ರವನ್ನು ಮೂಸಿ, ಇದು ಮೇಷ್ಟ್ರದು, ನಾಳೆ ಅವರಿಗೆ ಜ್ವರ ಬರುತ್ತದೆ ಎಂದರು. ಬಂತು.

ಮಾವನಿಗಿದ್ದ ಚಟ ಒಂದೇ, ಸಿಹಿ. ಟೀಗೆ ಐದು ಚಮಚ ಸಕ್ಕರೆ, ಮೇಜಿನ ಕೆಳಗೆ ಕ್ರೀಮ್ ಬಿಸ್ಕತ್ತಿನ ಡಬ್ಬ. ಅರವತ್ತೆಂಟು ದಾಟಿದ ಮೇಲೆ ರಿಜಿಸ್ಟರಿನ ಹಾಳೆ ಒಂದೊಂದಾಗಿ ಉದುರತೊಡಗಿತು. ವಕೀಲರ ಕರಿ ಕೋಟು ಬ್ಯಾಂಡ್ ಬಾರಿಸುವವನ ಪಾಲಾಯಿತು, ಬ್ಯಾಂಡಿನವನ ಕೆಂಪು ಜರಿ ಕೋಟು ವಕೀಲರ ಮನೆ ಸೇರಿತು. ವಕೀಲರು ಅವಸರದಲ್ಲಿ ಅದನ್ನೇ ತೊಟ್ಟು ಕೋರ್ಟಿನಲ್ಲಿ ನಿಂತರು. ಎದುರು ಪಕ್ಷದ ವಕೀಲ ನಕ್ಕು ನಕ್ಕು ವಾದ ಮರೆತುಬಿಟ್ಟ, ಕೇಸು ಇವರದಾಯಿತು. ಗೆದ್ದರೂ ಬಂದು ಬೈದು ಹೋದರು.

ನನ್ನ ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಅಪ್ಪಾ, ಇನ್ನೊಂದೇ ಒಂದು ಬಟ್ಟೆ ಅದಲುಬದಲಾಗ್ಲಿ, ಎಲ್ಲಕ್ಕೂ ಚೀಟಿ ಹೊಲಿದುಬಿಡ್ತೀನಿ. ನೀವು ಮನೇಲಿ ಕೂತು ಟೀವಿ ನೋಡ್ಕೊಳ್ಳಿ."

ಮಾವನ ಮುಖ ಹಿಂಡಿದ ಬಟ್ಟೆಯಂತಾಯಿತು. ಆ ಮೇಜು ಹೋದರೆ ಅವರಿಗೆ ಉಳಿಯುವುದಾದರೂ ಏನು?

ಬಿಳಿ ಕೋಟು ಒಗೆಸಲು ಬರುವ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸಕ್ಕರೆ ತುಂಬಿ ಹರಿಯುತ್ತಿದೆ ಎಂದರು. ವರ್ಷಗಟ್ಟಲೆ ಹೀಗಾದರೆ ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳು ಕೆಡುತ್ತವಂತೆ, ಮಿದುಳು ಆಳಿಗಿಂತ ಮೊದಲೇ ಮುದಿಯಾಗುತ್ತದಂತೆ. ಮಾವನಿಗೆ ತಲೆಬುಡ ತಿಳಿಯಲಿಲ್ಲ. ನಾನೇ ಬಿಡಿಸಿ ಹೇಳಿದೆ, ನಮ್ಮ ಬಚ್ಚಲ ಕೊಳವೆ ಸೋಪಿನ ಜಿಡ್ಡಿಗೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ ಅಂತ. ಆ ಮಾತಿಗೆ ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡೆನೋ. ಸಿಹಿ ಬಿಟ್ಟರೆ ಹೋದ ನೆನಪೆಲ್ಲ ವಾಪಸ್ ಬರುತ್ತದೆ ಎನ್ನಲಾರೆ, ಇದ್ದದ್ದು ಉಳಿದೀತು ಎಂದು ಡಾಕ್ಟರರು ಪಾಪ ಸ್ಪಷ್ಟವಾಗಿಯೇ ಹೇಳಿದ್ದರು. ಮಾವ ಅಷ್ಟನ್ನು ಕೇಳಿಸಿಕೊಳ್ಳಲಿಲ್ಲ.

ಮಾವ ಅಂದೇ ಸಿಹಿ ಬಿಟ್ಟರು. ಬಿಸ್ಕತ್ತಿನ ಡಬ್ಬದಲ್ಲಿ ಅಂಗಿ ಗುಂಡಿಗಳು ತುಂಬಿಕೊಂಡವು. ಊಟಕ್ಕೆ ಸೊಪ್ಪು, ಕಾಳು, ಸೌತೆಕಾಯಿ. ಬಟ್ಟೆ ಗಂಟು ತಲುಪಿಸಲು ಸೈಕಲ್ ಬಿಟ್ಟು ನಡೆದೇ ಹೋದರು. ಮೊದಲ ತಿಂಗಳು ಗಿರಾಕಿಗಳ ಮೇಲೆ ಸಿಡುಕಿದರು. ಎರಡನೆಯ ತಿಂಗಳು ಒಂದು ಬಟ್ಟೆಯೂ ತಪ್ಪಲಿಲ್ಲ. ಮೂರನೆಯ ತಿಂಗಳು ನೆನಪು ಕಟ್ಟೆ ಒಡೆಯಿತು.

ಡಾಕ್ಟರರೇ ಮೊದಲು ಸಿಕ್ಕಿಬಿದ್ದರು. "ಡಾಕ್ಟ್ರೇ, ಈ ಜೇಬಲ್ಲಿ ಕೇಕಿನ ಕ್ರೀಮು," ಎಂದರು ಮಾವ. "ಹೋದ ತಿಂಗಳೂ ಇತ್ತು. ನಂಗೆ ಸಿಹಿ ಬಿಡಿ ಅಂದ್ರಲ್ಲ, ಅವತ್ತೂ ಇತ್ತು." ಅಂದಿನಿಂದ ಡಾಕ್ಟರರು ಕೋಟು ತಾವೇ ಒಗೆದುಕೊಳ್ಳುತ್ತಾರೆಂದು ಸುದ್ದಿ.

ಅಲ್ಲಿಗೇ ನಿಂತಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಆದರೆ ನೆನಪು ದಿನಕ್ಕೆರಡು ವರ್ಷದಂತೆ ಹಿಂದಕ್ಕೆ ನಡೆಯುತ್ತಿತ್ತು. ಹದಿನಾರು ವರ್ಷದ ಹಿಂದಿನ ಪರದೆ ನೆನಪಾಯಿತು, ಹದಿನೆಂಟು ವರ್ಷದ ಹಿಂದಿನ ಚಡ್ಡಿ ನೆನಪಾಯಿತು. ನಾನು ಬೆರಳು ಮಡಿಸಿ ಎಣಿಸಿದೆ, ಇನ್ನು ಎರಡೇ ದಿನ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಹೆಣ್ಣು ಕೇಳಲು ಈ ಮನೆಗೆ ಬಂದಾಗ ಪಕ್ಕದ ಬೀದಿಯ ಒಂದು ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೈಮೇಲಿದ್ದ ರೇಷ್ಮೆ ಅಂಗಿ ಅಲ್ಲಿನ ಗಿರಾಕಿಯದು. ನನ್ನದೇ ಎಂದು ಹೇಳಿದ್ದೆ. ಹೆಂಡತಿ ಇವತ್ತಿಗೂ ಆ ಅಂಗಿಯನ್ನು ಹೊಗಳುತ್ತಾಳೆ.

ಮನುಷ್ಯ ಮರ್ಯಾದೆಗೆ ಅಂಜಿದರೆ ಏನು ಬೇಕಾದರೂ ಮಾಡುತ್ತಾನೆ. ಒಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ತಂದು ಗುಂಡಿ ಡಬ್ಬದಲ್ಲಿ ಇಟ್ಟೆ.

ಮಾವ ಡಬ್ಬ ತೆರೆದರು. ಬಿಸ್ಕತ್ತು ನೋಡಿದರು, ನನ್ನನ್ನು ನೋಡಿದರು, ಮುಚ್ಚಳ ಹಾಕಿ ಡಬ್ಬವನ್ನು ನನ್ನ ಕಡೆಗೇ ತಳ್ಳಿದರು.

"ಅಳಿಯಂದ್ರೇ, ಹೆಣ್ಣು ಕೇಳೋಕೆ ಬಂದಾಗ ಹಾಕ್ಕೊಂಡಿದ್ರಲ್ಲ, ತಿಳಿನೀಲಿ ಅಂಗಿ, ಎಡತೋಳಿನ ತುದೀಲಿ ಮಸಿ ಕಲೆ. ಅದು ಅಂಚೆ ಕಚೇರಿ ದೊಡ್ಡ ಸಾಹೇಬ್ರದು. ನಿಮ್ಮಂಗಡಿಗೆ ಹೋಗೋ ಮುಂಚೆ ನಮ್ಮಲ್ಲಿಗೇ ಬರ್ತಿತ್ತು, ಆ ಕಲೆ ತೆಗೆಯೋಕೆ ನಾನೂ ಮೂರು ಸಲ ಒದ್ದಾಡಿ ಸೋತಿದ್ದೆ."

ಇಸ್ತ್ರಿ ಪೆಟ್ಟಿಗೆ ಬಲಗಾಲಿನ ಮೇಲೆ ಬಿದ್ದದ್ದು ಆಗಲೇ. ಕುಂಟುತ್ತಲೇ ಕೇಳಿದೆ, "ಯಾವತ್ತು ನೆನಪಾಯ್ತು ಮಾವ?"

"ಮರೆತಿದ್ರೆ ತಾನೇ ನೆನಪಾಗೋದು? ನೀವು ಬಾಗಿಲಲ್ಲಿ ನಿಂತಾಗ್ಲೇ ಗೊತ್ತಾಯ್ತು. ವಕೀಲ್ರ ಕೋಟು ಮರೆತೆ, ನನ್ನ ಕನ್ನಡಕ ಮರೆತೆ. ಅದೊಂದು ಮಾತ್ರ ಮರೀಲಿಲ್ಲ."

"ಮತ್ತೆ ಹೆಣ್ಣು ಯಾಕೆ ಕೊಟ್ರಿ?"

"ಅಂಗಿ ಯಾರದ್ದಾದ್ರೇನು, ಇಸ್ತ್ರಿ ನಿಮ್ದಲ್ವಾ? ಅಂಥ ಗೆರೆ ನಾನು ನೋಡೇ ಇರ್ಲಿಲ್ಲ. ಅಂಗಡಿಗೊಂದು ಕೈ ಬೇಕಿತ್ತು."

ಮಗಳಿಗೆ ಹೇಳಬೇಡಿ ಎಂದು ಕೈ ಮುಗಿದೆ. ಹೇಳುವುದಿಲ್ಲ, ಆದರೆ ಚೀಟಿಯ ಮಾತು ಈ ಅಂಗಡಿಯಲ್ಲಿ ಇನ್ನು ಎತ್ತಬಾರದು, ಅದು ನಿಮ್ಮ ಜವಾಬ್ದಾರಿ ಎಂದರು. ಆ ಸಂಜೆಯೇ ಹೆಂಡತಿಯ ಮುಂದೆ ನಿಂತು ಚೀಟಿ ಹೊಲಿಯುವವರಷ್ಟು ದಡ್ಡರು ಲೋಕದಲ್ಲಿಲ್ಲ ಎಂದು ಭಾಷಣ ಮಾಡಿದೆ. ಮಾವ ಸೌತೆಕಾಯಿ ಕಡಿಯುತ್ತ ತಲೆಯಾಡಿಸಿದರು.

ಮಾವ ಇವತ್ತಿಗೂ ಅದೇ ಮೇಜಿನ ಹಿಂದೆ ಕೂತಿದ್ದಾರೆ. ನನಗೂ ಸಿಹಿ ಬಿಡಿಸಿದ್ದಾರೆ, ಮುಂದೆ ಆ ಮೇಜು ನನ್ನದಂತೆ, ತಲೆ ಈಗಿನಿಂದಲೇ ಕಾಯ್ದುಕೊಳ್ಳಬೇಕಂತೆ. ಸುಳ್ಳೇಕೆ, ಚುರುಕಾಗಿದೆ. ನೋಡಿ, ನಿಮ್ಮ ಅಂಗಿಯ ಎರಡನೇ ಗುಂಡಿ ಹೊಲಿದದ್ದು ನಾನು. ನಿಮಗೆ ಅಂತ ಹೊಲಿದದ್ದಲ್ಲ. ಯಾರಿಗೆ ಎಂದು ನಾನಾಗಿ ಬಾಯಿ ಬಿಡುವುದಿಲ್ಲ. ಎದ್ದು ಹೋಗಿ ಎರಡು ಟೀ ಹೇಳಿ ಬನ್ನಿ. ನನ್ನದಕ್ಕೆ ಸಕ್ಕರೆ ಬೇಡ, ಮರೆತೀರಿ.