ಬಲಗಡೆ ಇಟ್ಟ ಬ್ರಾಕೆಟ್

ಬ್ಲೇಡಿನ ಮೊನೆ ಬಟ್ಟೆಗೆ ತಾಗಿತ್ತು, ಒಳಗೆ ಇಳಿದಿರಲಿಲ್ಲ. ಜಂಬುನಾಥನ ಕೈ ಅಲ್ಲೇ ತಡೆದು ನಿಂತಿತ್ತು. ಸಿರುಗುಪ್ಪದ ಅಕ್ಕಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಬಡಗಿ ವೆಂಕಣ್ಣನ ತಗಡಿನ ಶೆಡ್ಡು. ಅದರ ನಡುವೆ ಎರಡು ಬೆಂಚುಗಳ ಮೇಲೆ ಅಂಗಾತ ಮಲಗಿದ್ದು ವೆಂಕಣ್ಣ ಕಟ್ಟಿದ ವಿಮಾನದ, ಮೈತುಂಬ ಬಟ್ಟೆ ಬಿಗಿದ ಎಡರೆಕ್ಕೆ. ವೆಂಕಣ್ಣ ಮಾತ್ರ ಇರಲಿಲ್ಲ. ಮಿಲ್ಲಿನ ಜರಡಿ ರಿಪೇರಿ ಮಾಡುತ್ತಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಎದ್ದಿರಲಿಲ್ಲ. ಇಪ್ಪತ್ತೆರಡು ದಿನವಾಗಿತ್ತು.

“ಅಣ್ಣಾರ, ಚಲೋ ಇದ್ದ ಬಟ್ಟಿನ ಯಾಕ ಹರೀತೀರಿ?” ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ವೆಂಕಣ್ಣನ ಹೆಂಡತಿ ಸರೋಜಾ ಕೇಳಿದಳು. “ಹೋದ ಸಂಕ್ರಾಂತಿಗೆ ಅವ್ರೂ ನಾನೂ ಕೂಡೇ ಬಿಗಿದಿದ್ದು ಅದು. ಎಳದು ಎಳದು ನನ್ನ ಕೈ ಬೊಬ್ಬಿ ಬಂದಿದ್ವು.”

“ಒಳಗ ಒಂದು ಬ್ರಾಕೆಟ್ ನೋಡೋದೈತಿ, ಸರೋಜಮ್ಮ. ನೋಡಿ ಮತ್ತ ಹೊಲಿತೀನಿ.”

“ನೋಡ್ರಿ ಮತ್ತ. ಆದ್ರ ಹಾರಿಸೋದು ಮಾತ್ರ ತಪ್ಪಿಸಬ್ಯಾಡ್ರಿ. ನಿಮ್ದೂ ತಮ್ದೂ ಎರಡೂ ವಿಮಾನ ಒಂದೇ ದಿನ ಮ್ಯಾಲೇಳಬೇಕು ಅಂತಿದ್ರು. ಅವ್ರ ಪಾಲಿಂದೂ ನೀವೇ ಹಾರಿಸಬೇಕು.”

ಹನ್ನೊಂದನೆಯ ದಿನವೇ ಅವಳು ಈ ಮಾತು ತೆಗೆದಿದ್ದಳು. ಜಂಬುನಾಥ ಹೂಂ ಅಂದುಬಿಟ್ಟಿದ್ದ. ಹೂಂ ಅಂದ ಮೇಲೆ ಆ ಬ್ರಾಕೆಟ್ ತೆಗೆಯದೆ ಗತಿಯಿರಲಿಲ್ಲ.

ಇದೆಲ್ಲ ಶುರುವಾಗಿ ಒಂಬತ್ತು ವರ್ಷ. ಕುರುಗೋಡಿನಲ್ಲಿ ಜಂಬುನಾಥನದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರಾಲಿ. ಒಂದು ಮಿಲ್ಲಿನ ಮಾಳಿಗೆಯ ಮೇಲೆ ಇವನು ಕಬ್ಬಿಣದ ಕೆಲಸಕ್ಕೆ, ವೆಂಕಣ್ಣ ಮರದ ಕೆಲಸಕ್ಕೆ ಸೇರಿದ್ದ ದಿನ ಬಳ್ಳಾರಿ ಕಡೆಗೆ ಒಂದು ಪುಟ್ಟ ವಿಮಾನ ತಲೆಯ ಮೇಲೇ ಹಾದುಹೋಯಿತು. “ಲೇ ಜಂಬ, ಅದರಾಗ ಏನೈತ್ಲೇ? ಸ್ವಲ್ಪ ಕಟಗಿ, ಸ್ವಲ್ಪ ಕಬ್ಬಿಣ, ಮ್ಯಾಲೆ ಬಟ್ಟಿ. ನಾವಿಬ್ರೂ ಅದೀವಲ್ಲ!” ಅಂದ ವೆಂಕಣ್ಣ. ಎಂಥ ಹುಚ್ಚು! ಆದರೆ ಹುಚ್ಚು ಹಿಡಿಯುವಾಗ ಇಬ್ಬರಿಗೂ ಒಟ್ಟಿಗೇ ಹಿಡಿಯಿತು. ಹೊರದೇಶದಿಂದ ನಕ್ಷೆ ತರಿಸಿದರು. ನಕ್ಷೆ ಒಂದೇ, ವಿಮಾನ ಮಾತ್ರ ಎರಡು ಆಗಬೇಕು. ಒಂದನ್ನೇ ಕಟ್ಟಿದರೆ ಯಾರು ಕೂರುವುದು, ಯಾರು ನೆಲದಲ್ಲಿ ನಿಂತು ನೋಡುವುದು?

ಜೆರಾಕ್ಸ್ ತೆಗೆಸೋಣ ಅಂದರೆ ವೆಂಕಣ್ಣ ಸುತರಾಂ ಒಪ್ಪಲಿಲ್ಲ. ಜೆರಾಕ್ಸಿನಲ್ಲಿ ಅಳತೆ ಕೂದಲಷ್ಟಾದರೂ ತಪ್ಪುತ್ತದೆ ಅನ್ನುವುದು ಅವನ ವಾದ. ಹಾಗಾಗಿ ನಕ್ಷೆ ತಗಡಿನ ಕೊಳವೆಯೊಳಗೆ ಕೂತು ಒಂದು ವಾರ ಕುರುಗೋಡಿನಲ್ಲಿ, ಒಂದು ವಾರ ಸಿರುಗುಪ್ಪದಲ್ಲಿ ಇರುತ್ತಿತ್ತು. ಭಾನುವಾರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಜಂಬುನಾಥನನ್ನು ಕಂಡಕ್ಟರ್ ಕೇಳುತ್ತಿದ್ದ, “ಏನ್ ಸ್ವಾಮಿ, ಯಾರ ಜಾತಕ ಅದು? ಇನ್ನೂ ಕೂಡಿ ಬರವಲ್ದಾ?”

ಮರದ ಭಾಗ ಯಾವುದಿದ್ದರೂ ವೆಂಕಣ್ಣ ಎರಡು ಮಾಡಬೇಕು. ಕಬ್ಬಿಣದ್ದಾದರೆ ಜಂಬುನಾಥ ಎರಡು. ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಳ್ಳುವಾಗ ಒಬ್ಬ ಬದು ಹಾಕಿದರೆ ಇನ್ನೊಬ್ಬ ಮೊದಲು ಆರಿಸಿಕೊಳ್ಳುತ್ತಾನಲ್ಲ, ಅದೇ ಪದ್ಧತಿ ಇಲ್ಲಿಯೂ. ಮಾಡಿದವನು ಎರಡನ್ನೂ ಮೇಜಿನ ಮೇಲೆ ಇಡಬೇಕು, ಮತ್ತೊಬ್ಬ ತನಗೆ ಬೇಕಾದ್ದನ್ನು ಮೊದಲು ಎತ್ತಿಕೊಳ್ಳಬೇಕು. ಜಂಬುನಾಥ ತಿರುಗಿಸಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ಆರಿಸುತ್ತಿದ್ದ. ವೆಂಕಣ್ಣ ಒಂದು ದಿನವೂ ನೋಡಿದವನಲ್ಲ. ಬಲಗೈ ಚಾಚುತ್ತಿದ್ದ, ಬಲಗಡೆ ಇದ್ದದ್ದನ್ನು ಎತ್ತಿ ಚೀಲಕ್ಕೆ ಹಾಕುತ್ತಿದ್ದ. “ನೋಡಲೇ ಸ್ವಲ್ಪ,” ಅಂದರೆ, “ಪರ್ವಾಲೇದು ಬಿಡು, ನೀ ಮಾಡಿದ್ದಲ್ಲೇನು,” ಅನ್ನುತ್ತಿದ್ದ.

ನಾಲ್ಕು ವರ್ಷದ ಹಿಂದೆ ಆಷಾಢದ ಒಂದು ಗುರುವಾರ. ಎಡರೆಕ್ಕೆಯನ್ನು ವಿಮಾನದ ಮೈಗೆ ಹಿಡಿದಿಡುವ ಬ್ರಾಕೆಟ್‌ಗಳ ಸರದಿ. ಮೊದಲನೆಯದು ಹೂವಿನಂತೆ ಬಂತು. ಎರಡನೆಯದಕ್ಕೆ ಬೆಸುಗೆ ಹಾಕುವಾಗ ಕರೆಂಟು ಏರುಪೇರಾಗಿ ತಗಡು ಸುಟ್ಟು ತೂತುಬಿತ್ತು. ಬೆಂಗಳೂರಿನಿಂದ ತರಿಸಿದ ಆ ಉಕ್ಕಿನ ತಗಡಿನಲ್ಲಿ ಅದೇ ಕೊನೆಯ ತುಂಡು. ಜಂಬುನಾಥ ತೂತಿಗೆ ಬೆಸುಗೆ ತುಂಬಿದ, ಗ್ರೈಂಡರ್ ಹಿಡಿದು ನುಣ್ಣಗೆ ಮಾಡಿದ, ಮೇಲೆ ಕೆಂಪು ಬಣ್ಣ ಬಳಿದ. ಬಣ್ಣ ಒಣಗುವಷ್ಟರಲ್ಲಿ ವೆಂಕಣ್ಣ ಹೇಳದೆ ಕೇಳದೆ ಬಸ್ಸಿಳಿದು ಬಂದೇಬಿಟ್ಟ. “ಆದವೇನ್ಲೇ?”

ಇದು ಕೆಟ್ಟಿತೋ, ಇಪ್ಪತ್ತು ದಿನ ತಡಿ ಅಂದಿದ್ದರೆ ಆಗುತ್ತಿತ್ತು. ವೆಂಕಣ್ಣನೇನು ಬಯ್ಯುವವನೇ? ಆದರೆ ಅವನ ಮರದ ಕೆಲಸದಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅಂಥವನ ಮುಂದೆ ಕೆಟ್ಟಿತು ಅನ್ನಲು ಜಂಬುನಾಥನ ನಾಲಿಗೆ ಏಳಲಿಲ್ಲ. ಹೋಗಲಿ, ಕೆಟ್ಟದ್ದನ್ನು ಎಡಗಡೆ ಇಟ್ಟಿದ್ದರೂ ಮುಗಿಯುತ್ತಿತ್ತು, ತನ್ನ ಪಾಲಿಗೇ ಉಳಿಯುತ್ತಿತ್ತು. ಅವನು ವೆಂಕಣ್ಣನ ಬಲಗಡೆ ಇಟ್ಟ. ಕೈ ತಪ್ಪಿ ಇಟ್ಟದ್ದಲ್ಲ, ಗೊತ್ತಿದ್ದೇ ಇಟ್ಟದ್ದು. ವೆಂಕಣ್ಣ ಬಲಗೈ ಚಾಚಿದ, ಎತ್ತಿಕೊಂಡ, ಪರ್ವಾಲೇದು ಅಂದ, ಐದೂವರೆ ಬಸ್ಸಿಗೆ ಹೋದ.

ಹೊಸ ತಗಡು ಬಂದ ದಿನವೇ ಜಂಬುನಾಥ ಬೇರೊಂದು ಬ್ರಾಕೆಟ್ ಮಾಡಿದ. ಅಂಥದ್ದನ್ನು ಅವನು ಹಿಂದೆಂದೂ ಮಾಡಿರಲಿಲ್ಲ, ಅಷ್ಟು ಚೆನ್ನಾಗಿತ್ತು. ಪೇಪರಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು, ಈ ಭಾನುವಾರ ಹೇಳಿಯೇಬಿಡುತ್ತೇನೆ ಎಂದು ಸಿರುಗುಪ್ಪಕ್ಕೆ ಬಂದ. ಶೆಡ್ಡಿನ ಗೋಡೆಯ ಗೂಟಕ್ಕೆ ಚೀಲ ನೇತುಹಾಕಿದ, ಚಹಾ ಕುಡಿದ, ಸಂಜೆಗೆ ಚೀಲ ತೆಗೆದುಕೊಂಡು ಹೋದ. ಮುಂದಿನ ಸಲವೂ ಅದೇ ಕಥೆ. ಆ ರೆಕ್ಕೆಯ ಹತ್ತಿರ ಹೋಗಿ ನೋಡಲೂ ಅವನಿಗೆ ಧೈರ್ಯವಿರಲಿಲ್ಲ. ವಾರ ಹೋದಷ್ಟೂ ಹೇಳುವುದು ಕಷ್ಟವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನು ಉತ್ತರ ಕೊಡುವುದು?

ಹೇಳಲಾಗದವನು ತಡೆಯುವುದಕ್ಕೆ ಶುರುಮಾಡಿದ. ಹಾರಿಸುವ ಅನುಮತಿಗೆ ಅರ್ಜಿ ಹಾಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಅರ್ಜಿ ಬರೆದು ಇಬ್ಬರೂ ಸಹಿ ಮಾಡಿದ್ದರು. ಅದು ಇಂದಿಗೂ ಕುರುಗೋಡಿನ ಅಂಗಡಿಯ ಡ್ರಾಯರಿನಲ್ಲಿ, ವೆಲ್ಡಿಂಗ್ ಕಡ್ಡಿಗಳ ಕೆಳಗೆ ಬಿದ್ದಿದೆ. ಅರ್ಜಿ ಹೋಗದಿದ್ದರೆ ಅನುಮತಿ ಇಲ್ಲ, ಅನುಮತಿ ಇಲ್ಲದಿದ್ದರೆ ಹಾರಾಟವಿಲ್ಲ, ಹಾರದಿದ್ದರೆ ವೆಂಕಣ್ಣ ಬೀಳುವುದಿಲ್ಲ. ಹೀಗೆ ಲೆಕ್ಕ ಹಾಕಿ ಅವನು ನಿದ್ದೆ ಮಾಡುತ್ತಿದ್ದ. “ಕಾಗದ ಬಂತೇನ್ಲೇ ಜಂಬ?” ಎಂದು ವೆಂಕಣ್ಣ ಕೇಳುತ್ತಿದ್ದ. “ಇನ್ನೂ ಇಲ್ಲಲೇ. ಸರಕಾರದ ಕೆಲಸ, ತಡ ಆಗತೈತಿ.”

ಬ್ಲೇಡು ಬಟ್ಟೆ ಸೀಳಿತು. ಜಂಬುನಾಥ ಒಳಗೆ ಬ್ಯಾಟರಿ ಹಿಡಿದು ಬಗ್ಗಿದ. ಬ್ರಾಕೆಟ್ ಇತ್ತು. ಆದರೆ ಅದು ಅವನು ಮಾಡಿದ್ದಲ್ಲ. ತನ್ನ ಬೆಸುಗೆಯ ಸಾಲನ್ನು ಅವನು ಕಣ್ಣುಮುಚ್ಚಿ ಬೆರಳಲ್ಲೇ ಗುರುತಿಸಬಲ್ಲ; ಇದು ಬೇರೆ ಯಾರದೋ ಕೈ, ಒಳ್ಳೆಯ ಕೈ. ಪಕ್ಕದ ಮರದ ಮೇಲೆ ವೆಂಕಣ್ಣನ ಪೆನ್ಸಿಲ್ ಬರಹ. ಪ್ರತಿ ಜೋಡಣೆಗೂ ತಾರೀಖು ಬರೆಯುವುದು ಅವನ ರೂಢಿ. ನಾಲ್ಕು ವರ್ಷದ ಹಿಂದಿನ ಆಷಾಢದ ತಾರೀಖು, ಆ ಗುರುವಾರ ಕಳೆದು ಐದನೆಯ ದಿನ. ಕೆಳಗೆ ‘ಬಳ್ಳಾರಿ’ ಅಂತ ಇತ್ತು.

ಜಂಬುನಾಥ ಬ್ಯಾಟರಿ ಆರಿಸಿದ. ಬೆಂಚಿನ ತುದಿಗೆ ಕೂತ.

“ಸರೋಜಮ್ಮ, ಇದು... ಇದನ್ನ ಬಳ್ಳಾರ್ಯಾಗ ಮಾಡಿಸಿದ್ನಾ?”

“ಹೂಂ ರೀ. ನೀವು ಕೊಟ್ಟಿದ್ದಕ್ಕ ಡ್ರಿಲ್ ಹಾಕಾಕ ಹೋದ್ರು, ಅರ್ಧಕ್ಕ ಬೆಸುಗಿ ಪುಡಿಪುಡಿ ಉದುರಿತು. ಮರುದಿನ ಬಳ್ಳಾರಿಗೆ ಹೋಗಿ ದಿನಪೂರ್ತಿ ಕುಂತು ಮಾಡಿಸ್ಕೊಂಡ್ ಬಂದ್ರು. ಜಂಬಣ್ಣಗ ಹೇಳ್ಬೇಕಿಲ್ಲೇನು ಅಂದೆ. ‘ಬ್ಯಾಡ, ತಾನ ಹೇಳ್ತಾನ’ ಅಂದ್ರು.” ಸರೋಜಾ ಲೋಟವನ್ನು ಮೇಜಿನ ಮೇಲಿಟ್ಟಳು. “ನೀವು ಹೋದ ಮ್ಯಾಲೆ ಪ್ರತಿ ಐತವಾರ ನಾನು ಕೇಳೀನಿ, ಹೇಳಿದ್ರಾ ಅಂತ. ‘ಇಲ್ಲ, ಬರೋ ವಾರ ಹೇಳ್ತಾನ ಬಿಡು’ ಅಂತಿದ್ರು. ಆಮ್ಯಾಲೆ ಆಮ್ಯಾಲೆ ನಾನೂ ಕೇಳೋದು ಬಿಟ್ಟೆ.”

“ನನಗ ಗೊತ್ತಿತ್ತು, ಸರೋಜಮ್ಮ. ಅದು ಕೆಟ್ಟಿದ್ದು ಅಂತ ಗೊತ್ತಿದ್ದೇ ನಾನು ಅವನ ಕಡೆ ಇಟ್ಟೆ.” ನಾಲ್ಕು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇಷ್ಟೇ ಇತ್ತು.

“ಅವ್ರಿಗೂ ಗೊತ್ತಿತ್ತಲ್ಲ ಅಣ್ಣಾರ,” ಸರೋಜಾ ಮೆಲ್ಲಗೆ ಅಂದಳು. “ಸಿಟ್ಟಿರಲಿಲ್ಲ ಬಿಡ್ರಿ. ಆ ಮ್ಯಾಲೂ ನೀವು ಇಟ್ಟಿದ್ದನ್ನ ನೋಡ್ಲಾರದಂಗನ ತಗೊಂತಿದ್ರು.”

ಅಲ್ಲಿಗೆ ಬಿಟ್ಟಿದ್ದರೆ ಅವಳು ಕ್ಷಮಿಸಿದಂತೆಯೇ ಆಗುತ್ತಿತ್ತು. ಆದರೆ ಜಂಬುನಾಥನಿಗೆ ಮತ್ತೊಂದನ್ನು ನುಂಗಿಕೊಂಡು ಹೋಗುವ ಶಕ್ತಿ ಇರಲಿಲ್ಲ.

“ಅರ್ಜಿ ನಾನು ಕಳಿಸ್ಲೇ ಇಲ್ಲ.”

“ಯಾವ ಅರ್ಜಿ?”

“ಹಾರಿಸಾಕ ಅನುಮತಿ ಕೇಳೋ ಅರ್ಜಿ. ಆ ಬ್ರಾಕೆಟ್ಟಿನ ಮ್ಯಾಲೆ ಅವನು ಏರಿಬಿಟ್ರ ಏನ್ ಗತಿ ಅಂತ ಹೆದರಿ ಇಟ್ಕೊಂಡೆ. ನನ್ನ ಅಂಗಡ್ಯಾಗ ಐತಿ.”

ಸರೋಜಾ ಬಾಗಿಲ ಕಡೆ ತಿರುಗಿದಳು. ಮಿಲ್ಲಿನ ಕಡೆಯಿಂದ ಹೊಟ್ಟಿನ ಧೂಳು ತೇಲಿ ಬಂದು ಹರಿದ ಬಟ್ಟೆಯ ಮೇಲೆ ಕೂರುತ್ತಿತ್ತು.

“ಪೋಸ್ಟ್‌ಮ್ಯಾನ್ ಓಣಿಗೆ ಬಂದ್ರ ಸಾಕು, ಕೈಯಾಗಿನ ಉಳಿ ಇಟ್ಟು ಬಾಗಿಲಿಗೆ ಬರ್ತಿದ್ರು,” ಅಂದಳು. “ತೀರಿಕೊಂಡ ಹಿಂದಿನ ದಿನಾನೂ ಬಂದಿದ್ರು.”

ಜಂಬುನಾಥ ಎದ್ದು ನಿಂತ. “ಆ ಹಳೇ ಬ್ರಾಕೆಟ್ ಎಲ್ಲೈತಿ?” ಎಂದ. ಅದಾದರೂ ತನ್ನ ಕೈಗೆ ಸಿಕ್ಕರೆ ಸಾಕು ಅನ್ನಿಸಿತ್ತು.

ಸರೋಜಾ ಗೋಡೆಯ ಹತ್ತಿರ ಹೋದಳು. ಅವನು ಬಂದಾಗಲೆಲ್ಲ ಚೀಲ ನೇತುಹಾಕುವ ನೀಲಿ ಗೂಟದಿಂದ ಚೀಲ ತೆಗೆದಳು. ಒಳಗಿದ್ದ ಕಬ್ಬಿಣದ ಭಾರಕ್ಕೆ ಅವಳ ಕೈ ಒಂದಿಷ್ಟು ಜಗ್ಗಿತು. ಏನಿದೆ ಅಂತ ಅವಳು ಕೇಳಲಿಲ್ಲ. ತಂದು ಅವನ ಕೈಗೆ ಕೊಟ್ಟಳು.

“ಚಹಾ ಆರತೈತಿ. ಕುಡದು ಹೋಗ್ರಿ,” ಅಂದು ಮನೆಯೊಳಗೆ ಹೋದಳು.

ಅವನು ಗೋಡೆ ನೋಡಿದ. ಬಾಗಿಲಿಗೆ ಬಳಿದು ಉಳಿದ ನೀಲಿ ಬಣ್ಣವನ್ನೇ ಆ ಗೂಟಕ್ಕೂ ಬಳಿದಿದ್ದರು. ಅದು ಎರಡು ಮೊಳೆ ಹೊಡೆದು ಕೂರಿಸಿದ ಬ್ರಾಕೆಟ್, ನಡುವೆ ಅರ್ಧಕ್ಕೆ ನಿಂತ ಡ್ರಿಲ್ಲಿನ ತೂತು. ಚೀಲದ ಹಿಡಿಕೆ ತಿಕ್ಕಿ ತಿಕ್ಕಿ ಒಂದು ಕಡೆ ಬಣ್ಣ ಸವೆದು, ಕೆಳಗಿನ ಕೆಂಪು ಕಾಣುತ್ತಿತ್ತು.